ಕಲ್ಲು ಹೊಡೆದವರಿಗೆ ಕ್ಲಬ್ಬು, ಸುಮ್ಮನಿದ್ದವರಿಗೆ ಏನು?

ಇವತ್ತಿನ ಕಥೆ ಶುರುವಾಗೋದು ಒಂದು ಕಲ್ಲಿನಿಂದ.

ವರ್ಷ 1876. ಜಾಗ, ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರ್ ಅನ್ನೋ ಪಾರ್ಕಿನ ಸುತ್ತಮುತ್ತ. ಯುರೋಪಿನಿಂದ ಹಡಗು ಹತ್ತಿ ಬಂದ ಬಡವರು ಇಕ್ಕಟ್ಟಾದ ವಠಾರಗಳಲ್ಲಿ ತುಂಬಿಕೊಂಡಿದ್ದ ಏರಿಯಾ ಅದು. ಅಲ್ಲೇ ಬಡ ಹೆಣ್ಣುಮಕ್ಕಳಿಗೆ ಅಂತ ವಿಲ್ಸನ್ ಮಿಷನ್‌ನವರ ಒಂದು ಶಾಲೆ ಇತ್ತು. ತಲೆಮಾರುಗಳಿಂದ ಹೇಳಿಕೊಂಡು ಬಂದಿರೋ ಕಥೆ ಹೀಗಿದೆ: ಬೀದಿ ಹುಡುಗರು ಆ ಶಾಲೆಯ ಕಿಟಕಿಗೆ ಕಲ್ಲು ಬೀಸಿದರು, ಗಾಜು ಪುಡಿ ಆಯ್ತು. ಪೊಲೀಸರನ್ನ ಕರೆಸೋದಾ, ಬೇಡವಾ ಅನ್ನೋ ಮಾತಿನ ನಡುವೆ ಇನ್ನೊಂದು ಯೋಚನೆ ಹುಟ್ಟಿತು. ಈ ಹುಡುಗರಿಗೆ ಸಂಜೆ ಹೊತ್ತು ಕೂರೋಕೆ, ಆಡೋಕೆ ಒಂದು ಬೆಚ್ಚಗಿನ ಜಾಗ ಕೊಟ್ಟರೆ ಹೇಗೆ?

ಆ ಯೋಚನೆಯ ಹಿಂದೆ ನಿಂತವನ ಹೆಸರು ಇ. ಎಚ್. ಹ್ಯಾರಿಮನ್. ಆಗ ಅವನಿಗೆ 28 ವರ್ಷ, ವಾಲ್ ಸ್ಟ್ರೀಟಿನಲ್ಲಿ ಷೇರು ದಲ್ಲಾಳಿ. ಮುಂದೆ ಯೂನಿಯನ್ ಪೆಸಿಫಿಕ್ ರೈಲ್ವೆಯನ್ನ ಕೈಗೆ ತಗೊಂಡು ಅಮೆರಿಕದ ದೊಡ್ಡ ಕುಳಗಳಲ್ಲಿ ಒಬ್ಬನಾದ. ಆವತ್ತು ಶುರುವಾದದ್ದು ಬಾಯ್ಸ್ ಕ್ಲಬ್ ಆಫ್ ನ್ಯೂಯಾರ್ಕ್. ಆ ಕೋಣೆಯ ಸಂಜೆಯಾಟ 1901ರ ಹೊತ್ತಿಗೆ ಐದು ಮಹಡಿಯ ಸ್ವಂತ ಕಟ್ಟಡ ಆಯ್ತು.

ಕಥೆ ಚೆನ್ನಾಗಿದೆ ಅಲ್ವಾ? ಲಾಠಿಯ ಬದಲು ಆಟದ ಬೋರ್ಡು. ನನಗೂ ಮೊದಲ ಸಲ ಓದಿದಾಗ ಖುಷಿ ಆಯ್ತು. ಆದ್ರೆ ಇನ್ನೊಂದು ಸಲ ಓದಿ ನೋಡಿ. ಕಲ್ಲು ಬಿದ್ದದ್ದು ಹುಡುಗಿಯರ ಶಾಲೆಗೆ. ಗಾಜು ಒಡೆದದ್ದು ಹುಡುಗಿಯರ ಕಿಟಕಿಯದು. ಕ್ಲಬ್ ಸಿಕ್ಕಿದ್ದು ಹುಡುಗರಿಗೆ.

ಶಾಲೆ ಬಿಟ್ಟಮೇಲೆ ಮಕ್ಕಳಿಗೆ ಅಂತ ಅಮೆರಿಕದಲ್ಲಿ ಕಟ್ಟಿದ ಕ್ಲಬ್‌ಗಳ ಸುಮಾರು ನೂರೈವತ್ತು ವರ್ಷಗಳ ಚರಿತ್ರೆ ಈ ಒಂದು ಘಟನೆಯಲ್ಲೇ ಅಡಗಿದೆ ಅಂತ ನನಗನಿಸುತ್ತೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಒಂದು ಸಣ್ಣ ಪ್ರಶ್ನೆ. ಸ್ಕೂಲ್ ಬಿಟ್ಟಮೇಲಿನ ಈ ಖಾಲಿ ಹೊತ್ತು ಯಾವಾಗ ಹುಟ್ಟಿತು? ನಮಗೆ ಅದು ಮೊದಲಿನಿಂದ ಇದ್ದದ್ದೇ ಅನ್ನಿಸುತ್ತೆ. ಆದ್ರೆ ಖಾಲಿ ಹೊತ್ತು ಇರಬೇಕಾದ್ರೆ ಮೊದಲು ಮಕ್ಕಳು ದಿನಾ ಶಾಲೆಗೆ ಹೋಗಬೇಕು, ಶಾಲೆ ಬಿಟ್ಟಮೇಲೆ ದುಡಿಯೋಕೆ ಹೋಗಬಾರದು. ಅಮೆರಿಕದಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು ಅಂತ ಮೊದಲು ಕಾನೂನು ಮಾಡಿದ ರಾಜ್ಯ ಮ್ಯಾಸಚೂಸೆಟ್ಸ್, 1852ರಲ್ಲಿ. ಕೊನೆಯದು ಮಿಸಿಸಿಪಿ, 1918ರಲ್ಲಿ. ನಡುವೆ 1900ರ ಜನಗಣತಿ ಬರುತ್ತೆ. 10ರಿಂದ 15 ವರ್ಷದ ಮಕ್ಕಳಲ್ಲಿ ಸುಮಾರು ಹದಿನೇಳೂವರೆ ಲಕ್ಷ ಮಂದಿ ಕೆಲಸ ಮಾಡ್ತಿದ್ದಾರೆ ಅಂತ ಅದು ಲೆಕ್ಕ ಕೊಟ್ಟಿತು. ಹೊಲ, ಹತ್ತಿಗಿರಣಿ, ಕಲ್ಲಿದ್ದಲ ಗಣಿ, ಬೀದಿ ವ್ಯಾಪಾರ, ಎಲ್ಲ ಕಡೆ. ಬಾಲಕಾರ್ಮಿಕರ ಮೇಲೆ ಇಡೀ ದೇಶಕ್ಕೆ ಅನ್ವಯವಾಗುವ, ಗಟ್ಟಿಯಾಗಿ ನಿಂತ ಕಾನೂನು ಬಂದದ್ದು 1938ರಲ್ಲಿ.

ಅಂದ್ರೆ ಕ್ಲಬ್ ಕಟ್ಟಿದವರ ಕಣ್ಣಿಗೆ 'ಬೀದಿ ಅಲೆಯೋ ಪುಂಡರು' ಅಂತ ಕಂಡ ಹುಡುಗರಲ್ಲಿ ಎಷ್ಟೋ ಜನ ದುಡಿಯೋ ಮಕ್ಕಳು. ನ್ಯೂಯಾರ್ಕಿನ ಪೇಪರ್ ಹುಡುಗರನ್ನೇ ತಗೊಳ್ಳಿ. ನೂರು ಪ್ರತಿಗೆ 60 ಸೆಂಟ್ ಕೊಟ್ಟು ಸಗಟಿನಲ್ಲಿ ತಗೋಬೇಕು, ಒಂದೊಂದನ್ನ ಒಂದು ಸೆಂಟಿಗೆ ಮಾರಬೇಕು. ಮಾರಾಟ ಆಗದೆ ಉಳಿದರೆ ನಷ್ಟ ಪೂರ್ತಿ ಹುಡುಗನದ್ದು. 1899ರಲ್ಲಿ ಇದೇ ಮಕ್ಕಳು ಪುಲಿಟ್ಜರ್ ಮತ್ತು ಹರ್ಸ್ಟ್ ಅನ್ನೋ ಇಬ್ಬರು ದೊಡ್ಡ ಪತ್ರಿಕಾ ಧಣಿಗಳ ವಿರುದ್ಧ ಮುಷ್ಕರ ಹೂಡಿದರು. ಬೆಲೆ ಇಳೀಲಿಲ್ಲ, ಆದ್ರೆ ಉಳಿದ ಪ್ರತಿಗಳನ್ನ ವಾಪಸ್ ತಗೊಳ್ಳೋಕೆ ಧಣಿಗಳು ಒಪ್ಪಬೇಕಾಯ್ತು. ಬಂಡವಾಳ, ನಷ್ಟ, ರಿಟರ್ನ್ ಪಾಲಿಸಿ ಎಲ್ಲಾ ಗೊತ್ತಿದ್ದ ಹುಡುಗರು ಸ್ವಾಮಿ ಇವರು! ನನಗೆ ಬಿಕಾಂ ಎರಡನೇ ವರ್ಷದಲ್ಲಿ ಗೊತ್ತಾದದ್ದು ಅವರಿಗೆ ಹನ್ನೆರಡನೇ ವಯಸ್ಸಿಗೇ ಗೊತ್ತಿತ್ತು.

ಈ ಮಕ್ಕಳಿಗೆ ಸಂಜೆ ಒಂದು ಜಾಗ ಬೇಕು ಅಂತ ನ್ಯೂಯಾರ್ಕಿಗಿಂತ ಮೊದಲೇ ಯೋಚಿಸಿದವರು ಇನ್ನೊಂದು ಊರಲ್ಲಿ ಇದ್ದರು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್. 1860ರಲ್ಲಿ ಅಲ್ಲಿ ಮೂವರು ಹೆಂಗಸರು, ಮೇರಿ ಗುಡ್‌ವಿನ್, ಆಲಿಸ್ ಗುಡ್‌ವಿನ್, ಎಲಿಜಬೆತ್ ಹ್ಯಾಮರ್ಸ್ಲಿ, ಸೇರಿಕೊಂಡು ಡ್ಯಾಶ್‌ಅವೇ ಕ್ಲಬ್ ಅಂತ ಶುರು ಮಾಡಿದರು. ಬೀದಿಯಲ್ಲಿ ಅಲೆಯೋ ಹುಡುಗರಿಗೆ ಬೀದಿಗಿಂತ ಒಳ್ಳೆಯದೊಂದು ದಾರಿ ಬೇಕು ಅನ್ನೋದು ಅವರ ಯೋಚನೆ. ಮುಂದೆ 1906ರಲ್ಲಿ ಬಾಸ್ಟನ್‌ನಲ್ಲಿ 53 ಬಾಯ್ಸ್ ಕ್ಲಬ್‌ಗಳು ಸೇರಿ ಒಂದು ಒಕ್ಕೂಟ ಆಯ್ತು. 1931ರಲ್ಲಿ ಅದರ ಹೆಸರು ಬಾಯ್ಸ್ ಕ್ಲಬ್ಸ್ ಆಫ್ ಅಮೆರಿಕ. ಇವತ್ತಿಗೂ ಆ ಸಂಸ್ಥೆ ತನ್ನ ಹುಟ್ಟಿದ ವರ್ಷ ಅಂತ ಹೇಳೋದು 1860ನ್ನೇ.

ಒಂದು ನಿಮಿಷ ನಿಲ್ಲೋಣ. 1860ರಲ್ಲಿ ಅಮೆರಿಕದ ಹೆಂಗಸರಿಗೆ ಓಟಿನ ಹಕ್ಕಿಲ್ಲ. ಅದು ಸಂವಿಧಾನದಲ್ಲಿ ಬರೋಕೆ ಇನ್ನೂ 60 ವರ್ಷ ಇದೆ. ಅಂಥಾ ಕಾಲದಲ್ಲಿ ಮೂವರು ಹೆಂಗಸರು ಊರಿನ ಮಕ್ಕಳಿಗೆ ಅಂತ ಬಾಗಿಲು ತೆಗೀತಾರೆ. ಆ ಬಾಗಿಲಲ್ಲಿ ಅವರ ಊರಿನ ಹೆಣ್ಣುಮಕ್ಕಳು ಮಾತ್ರ ಹೋಗೋ ಹಾಗಿಲ್ಲ.

ಯಾಕೆ ಹೀಗೆ? ಕೆಟ್ಟ ಮನಸ್ಸಿನಿಂದ ಅಂತ ನಾನು ಹೇಳಲ್ಲ. ನಾನು ಕಾಮರ್ಸ್ ಓದಿದವಳು. ಯಾವ ಒಳ್ಳೆಯ ಕೆಲಸದ ಕಥೆ ಕೇಳಿದ್ರೂ ನನ್ನ ಕಣ್ಣು ಹೋಗೋದು ಒಂದೇ ಕಡೆ, ಈ ಖರ್ಚನ್ನ ಯಾವ ಬಾಬ್ತಿಗೆ ಬರೆದಿದ್ದಾರೆ? ಬಾಯ್ಸ್ ಕ್ಲಬ್‌ನ ಖರ್ಚು ಬಿದ್ದದ್ದು ಭಯದ ಬಾಬ್ತಿಗೆ. ದುಡ್ಡಿರೋರ ಹತ್ತಿರ ಹೋಗಿ 'ಈ ಹುಡುಗರನ್ನ ಹೀಗೇ ಬಿಟ್ಟರೆ ನಾಳೆ ಕಳ್ಳರಾಗ್ತಾರೆ, ಜೈಲಿಗಿಂತ ಕ್ಲಬ್ಬು ಅಗ್ಗ' ಅಂದ್ರೆ ದುಡ್ಡು ಹುಟ್ಟುತ್ತೆ. ಅದು ಒಂಥರಾ ಇನ್ಶೂರೆನ್ಸ್ ಪ್ರೀಮಿಯಂ. ಹುಡುಗಿಯರು ಕಿಟಕಿ ಒಡೆಯಲ್ಲ. ಅವರಿಂದ ಊರಿಗೆ ಅಪಾಯ ಇಲ್ಲ. ಅಪಾಯ ಇಲ್ಲದ ಕಡೆ ಪ್ರೀಮಿಯಂ ಯಾರು ಕಟ್ತಾರೆ?

ಇದಕ್ಕೆ ಬೇರೆ ಲೆಕ್ಕ ಹಾಕಿದವರೂ ಅದೇ ಕಾಲದಲ್ಲಿ ಇದ್ದರು. ಅವರನ್ನ ನೋಡೋಕೆ ಷಿಕಾಗೋಗೆ ಹೋಗಬೇಕು.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅನ್ನೋ ಇಬ್ಬರು ಗೆಳತಿಯರು ಷಿಕಾಗೋದ ವಲಸಿಗರ ಕೇರಿಯಲ್ಲಿ ಒಂದು ಹಳೇ ಬಂಗಲೆ ಹಿಡಿದು ಅಲ್ಲೇ ವಾಸಕ್ಕೆ ಹೋದರು. ಅದರ ಹೆಸರು ಹಲ್ ಹೌಸ್. ಲಂಡನ್ನಿನ ಟಾಯ್ನ್‌ಬಿ ಹಾಲ್ ಅನ್ನೋ ಇಂಥದ್ದೇ ಒಂದು ಮನೆಯನ್ನ ನೋಡಿಬಂದು ಮಾಡಿದ ಪ್ರಯೋಗ. ದೂರ ನಿಂತು ದಾನ ಮಾಡೋದಲ್ಲ, ಪಕ್ಕದ ಮನೆಯವರಾಗಿ ಇರೋದು. ಅಲ್ಲಿ ಶಿಶುವಿಹಾರ ಇತ್ತು, ಹುಡುಗರಿಗೂ ಹುಡುಗಿಯರಿಗೂ ಕ್ಲಬ್‌ಗಳಿದ್ದವು, ಚಿತ್ರಕಲೆ, ನಾಟಕ, ಸಂಗೀತ ಇತ್ತು. 1890ರ ದಶಕದಲ್ಲಿ ಅವರು ಮಕ್ಕಳಿಗೆ ಅಂತಲೇ ಒಂದು ಆಟದ ಮೈದಾನ ಮಾಡಿದರು.

1909ರಲ್ಲಿ ಆಡಮ್ಸ್ ನಗರದ ಬೀದಿಗಳು ಮತ್ತು ಹದಿಹರೆಯದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರ ವಾದ ಇವತ್ತಿಗೂ ಚುಚ್ಚುತ್ತೆ. ನಗರಕ್ಕೆ ಈ ಮಕ್ಕಳ ದುಡಿಮೆ ಬೇಕು, ಕಾರ್ಖಾನೆಗೆ ಅವರನ್ನ ಕರಕೊಂಡು ಬರುತ್ತೆ. ಆದ್ರೆ ಅವರ ಆಟದ, ಸಂತೋಷದ ಹಸಿವಿಗೆ ನಗರ ಏನನ್ನೂ ಏರ್ಪಾಡು ಮಾಡಲ್ಲ. ಆ ಹಸಿವನ್ನ ವ್ಯಾಪಾರಸ್ಥರ ಕೈಗೆ ಒಪ್ಪಿಸಿ, ಆಮೇಲೆ ಮಕ್ಕಳು ಕೆಟ್ಟರು ಅಂತ ಬೈಯುತ್ತೆ. ನೋಡಿ, ಇಲ್ಲಿ ಆಟ ಅನ್ನೋದು ಅಪರಾಧಕ್ಕೆ ಔಷಧಿಯಾಗಿ ಬರಲ್ಲ. ಅನ್ನ, ನೀರಿನ ಹಾಗೆ ಮಕ್ಕಳಿಗೆ ಬೇಕಾದ ವಸ್ತುವಾಗಿ ಬರುತ್ತೆ. ಅನ್ನ ನೀರು ಅಂದಮೇಲೆ ಇವರಿಗೆ ಬೇಕು, ಅವರಿಗೆ ಬೇಡ ಅನ್ನೋ ಮಾತೇ ಹುಟ್ಟಲ್ಲ.

ಇದರ ಫಲ ಏನು ಅಂದ್ರೆ ಒಂದು ಉದಾಹರಣೆ. ರಷ್ಯನ್ ಸಾಮ್ರಾಜ್ಯದ ಕಡೆಯಿಂದ ವಲಸೆ ಬಂದ ಬಡ ಯಹೂದಿ ದರ್ಜಿಯೊಬ್ಬನ ಮಗ ಹಲ್ ಹೌಸಿನ ಹುಡುಗರ ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ನುಡಿಸ್ತಿದ್ದ. ಹೆಸರು ಬೆನ್ನಿ ಗುಡ್‌ಮನ್. ಮುಂದೆ ಜಾಸ್ ಲೋಕ ಅವನನ್ನ 'ಸ್ವಿಂಗ್ ದೊರೆ' ಅಂತ ಕರೀತು. ಆಡಮ್ಸ್‌ಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬಾಯ್ಸ್ ಕ್ಲಬ್‌ಗಳೂ ದೊಡ್ಡ ದೊಡ್ಡವರನ್ನ ಬೆಳೆಸಿವೆ ಅನ್ನೋದನ್ನ ಮರೀಬಾರದು. ನಟ ಡೆನ್ಜೆಲ್ ವಾಷಿಂಗ್ಟನ್ ನ್ಯೂಯಾರ್ಕ್ ಹತ್ತಿರದ ಮೌಂಟ್ ವರ್ನನ್‌ನ ಬಾಯ್ಸ್ ಕ್ಲಬ್ಬಿನಲ್ಲಿ ಬೆಳೆದವರು, ಇವತ್ತಿಗೂ ಆ ಸಂಸ್ಥೆಯ ಪರವಾಗಿ ಮಾತಾಡ್ತಾರೆ. ಹಾಗಾಗಿ ಒಳಗೆ ಹೋದವರಿಗೆ ಏನು ಸಿಕ್ಕಿತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಹೊರಗೆ ಉಳಿದವರು ಯಾರು ಅನ್ನೋದೇ ನನ್ನ ಪ್ರಶ್ನೆ.

ಈ ಪ್ರಶ್ನೆ ನನಗೆ ಬರೀ ಪುಸ್ತಕದ ಪ್ರಶ್ನೆಯಲ್ಲ. ನಾನು ಬೆಳೆದ ಬೀದಿಯಲ್ಲಿ ನಾಲ್ಕೂವರೆಗೆ ಸ್ಕೂಲ್ ಬಿಟ್ಟರೆ ತಮ್ಮ ಬ್ಯಾಗ್ ಎಸೆದು ಗ್ರೌಂಡಿಗೆ ಓಡ್ತಿದ್ದ. ನಾನು ಮನೆಯಲ್ಲಿ. 'ಇವಳದ್ದೇನೂ ತಲೆನೋವಿಲ್ಲಪ್ಪ, ಬಲು ಸಂಭಾವಿತೆ' ಅಂತ ಬಂದ ನೆಂಟರ ಮುಂದೆ ಅಮ್ಮ ಹೊಗಳ್ತಿದ್ರು. ತಲೆನೋವು ಕೊಡದವರಿಗೆ ಗ್ರೌಂಡೂ ಇಲ್ಲ ಅನ್ನೋ ಲೆಕ್ಕ ಆಗ ನನಗೆ ಹೊಳೆದಿರಲಿಲ್ಲ.

ಅಮೆರಿಕಕ್ಕೆ ವಾಪಸ್ ಬರೋಣ. ಹುಡುಗಿಯರಿಗೆ ಏನೂ ಇರಲಿಲ್ಲ ಅಂತಲ್ಲ. ಅದೇ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ 1864ರಲ್ಲೇ ಒಂದು ಗರ್ಲ್ಸ್ ಕ್ಲಬ್ ಶುರುವಾಗಿತ್ತು. ಇಂಥವೆಲ್ಲ ಸೇರಿ 1945ರಲ್ಲಿ ಗರ್ಲ್ಸ್ ಕ್ಲಬ್ಸ್ ಆಫ್ ಅಮೆರಿಕ ಆಯ್ತು. ಆದ್ರೆ ಬಾಯ್ಸ್ ಕ್ಲಬ್‌ಗಳ ಬಳಗ ಅಷ್ಟೊತ್ತಿಗೆ ಎಲ್ಲೋ ಹೋಗಿತ್ತು. 1956ರಲ್ಲಿ ಅಮೆರಿಕದ ಸಂಸತ್ತೇ ಅದಕ್ಕೆ ವಿಶೇಷ ಮಾನ್ಯತೆ ಕೊಟ್ಟಿತು.

ಈಗ ಬರುತ್ತೆ ಸಾಂತಾ ಕ್ರೂಜ್. ಕ್ಯಾಲಿಫೋರ್ನಿಯಾದ ಸಮುದ್ರ ದಂಡೆಯ ಊರು. ಅಲ್ಲಿನ ಬಾಯ್ಸ್ ಕ್ಲಬ್ಬಿನಲ್ಲಿ ಜಿಮ್ ಇತ್ತು, ಸ್ಪರ್ಧೆ ನಡೆಸುವಷ್ಟು ದೊಡ್ಡ ಒಳಾಂಗಣ ಈಜುಕೊಳ ಇತ್ತು, ಆಟದ ಕೋಣೆ, ಕರಕುಶಲದ ಕೋಣೆ ಎಲ್ಲಾ ಇತ್ತು. ಊರಿನ 8ರಿಂದ 18 ವರ್ಷದ ಯಾವ ಹುಡುಗ ಬೇಕಾದ್ರೂ ಸಣ್ಣದೊಂದು ವಾರ್ಷಿಕ ಚಂದಾ ಕೊಟ್ಟು ಸದಸ್ಯ ಆಗಬಹುದಿತ್ತು. 1970ರ ದಶಕದಲ್ಲಿ ಕೆಲವು ಹುಡುಗಿಯರು ಹೋಗಿ ನಮಗೂ ಸದಸ್ಯತ್ವ ಕೊಡಿ ಅಂದರು. ಕ್ಲಬ್ಬು ಆಗಲ್ಲ ಅಂತು. ಹುಡುಗಿಯರು ಕೋರ್ಟಿಗೆ ಹೋದರು.

ಕ್ಲಬ್ಬಿನ ವಾದ ಏನಿತ್ತು ಗೊತ್ತಾ? ಹುಡುಗರಲ್ಲೇ ಅಪರಾಧ ಜಾಸ್ತಿ, ಅದನ್ನ ತಡೆಯೋದು ನಮ್ಮ ಉದ್ದೇಶ, ಆದ್ದರಿಂದ ಹುಡುಗರಿಗೆ ಮಾತ್ರ ಅಂತ ಇಟ್ಟಿರೋದರಲ್ಲಿ ತಪ್ಪಿಲ್ಲ. 1876ರ ಅದೇ ಕಲ್ಲು, ಅದೇ ಕಿಟಕಿ! ನೂರು ವರ್ಷ ಆದಮೇಲೂ ಭಯದ ಬಾಬ್ತನ್ನೇ ತೋರಿಸಿ ಹುಡುಗಿಯರನ್ನ ಬಾಗಿಲಾಚೆ ನಿಲ್ಲಿಸಿದ್ದರು.

1985ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹುಡುಗಿಯರ ಪರ ತೀರ್ಪು ಕೊಟ್ಟಿತು. ಆ ರಾಜ್ಯದಲ್ಲಿ 1959ರಿಂದ ಅನ್ರು ಕಾಯ್ದೆ ಅಂತ ಒಂದಿದೆ. ಎಲ್ಲಾ ರೀತಿಯ ವ್ಯವಹಾರ ಸ್ಥಳಗಳಲ್ಲಿ ತಾರತಮ್ಯ ಕೂಡದು ಅನ್ನುತ್ತೆ ಅದು. ಲಾಭಕ್ಕಲ್ಲದೆ ನಡೆಯೋ ಕ್ಲಬ್ಬು ಅದರಲ್ಲಿ ಬರುತ್ತಾ ಅನ್ನೋದು ಪ್ರಶ್ನೆ. ಕೋರ್ಟ್ ಹೇಳಿದ್ದರ ಸಾರ ಇಷ್ಟು: ನೀವು ಊರಿನ ಮಕ್ಕಳಿಗೆಲ್ಲ ಬಾಗಿಲು ತೆರೆದು ಕೂತಿದ್ದೀರಿ, ಇದು ನಾಲ್ಕು ಜನ ಗೆಳೆಯರ ಖಾಸಗಿ ಕೂಟವಲ್ಲ, ಸಾರ್ವಜನಿಕ ಸ್ಥಳದ ಹಾಗೆಯೇ ನಡೀತಿದೆ. ಹಾಗಿದ್ದಮೇಲೆ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕೋ ಹಾಗಿಲ್ಲ. ನನಗಂತೂ ಇದು ತುಂಬಾ ಸರಳವಾದ ಮಾತು ಅನ್ನಿಸುತ್ತೆ. 'ಎಲ್ಲರಿಗೂ' ಅಂತ ಬೋರ್ಡ್ ಹಾಕಿದ್ರೆ ಎಲ್ಲರೂ ಅಂದ್ರೆ ಎಲ್ಲರೂ.

ಅಷ್ಟರಲ್ಲಿ ದೇಶದ ಎಷ್ಟೋ ಕ್ಲಬ್‌ಗಳು ತಾವಾಗಿಯೇ ಹುಡುಗಿಯರನ್ನ ಸೇರಿಸಿಕೊಳ್ತಿದ್ದವು. 1990ರಲ್ಲಿ ಸಂಸ್ಥೆಯ ಹೆಸರೇ ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್ಸ್ ಆಫ್ ಅಮೆರಿಕ ಅಂತ ಬದಲಾಯ್ತು. ಮೂವರು ಹೆಂಗಸರು ಬಾಗಿಲು ತೆಗೆದ 130 ವರ್ಷಕ್ಕೆ ಹುಡುಗಿಯರು ಹೆಸರಿನಲ್ಲಿ ಬಂದರು. ಇದರಲ್ಲೂ ಒಂದು ಕಹಿ ಉಳೀತು. ಇಷ್ಟು ವರ್ಷ ಹುಡುಗಿಯರಿಗಾಗಿಯೇ ದುಡಿದಿದ್ದ ಗರ್ಲ್ಸ್ ಕ್ಲಬ್ಸ್ ಸಂಸ್ಥೆಗೆ ಹೆಸರಿನ ಜಗಳದಲ್ಲಿ ತನ್ನ ಹೆಸರನ್ನೇ ಬಿಡಬೇಕಾಗಿ ಬಂತು. ಅದು ಈಗ ಗರ್ಲ್ಸ್ ಇಂಕ್.

ಇಲ್ಲಿ ನಮ್ಮ ಬೆಂಗಳೂರಿನದೊಂದು ಹೆಸರು ನೆನಪಾಗುತ್ತೆ. 'ಸರಸ್ವತಿ' ಪತ್ರಿಕೆ ನಡೆಸುತ್ತಿದ್ದ ಆರ್. ಕಲ್ಯಾಣಮ್ಮ 1938ರಲ್ಲಿ ಇಲ್ಲಿ ಶುರು ಮಾಡಿದ್ದರ ಹೆಸರು ಮಕ್ಕಳ ಕೂಟ. ಮಕ್ಕಳ, ಅಷ್ಟೇ. ನಮ್ಮ ಭಾಷೆಯ 'ಮಕ್ಕಳು' ಅನ್ನೋ ಪದದಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಹೆಸರಲ್ಲಿ ಜಾಗ ಇದ್ದಮಾತ್ರಕ್ಕೆ ಮನೆಯಿಂದ ಕಳಿಸಿಬಿಡ್ತಾರೆ ಅಂತ ಅಲ್ಲ. ಆದ್ರೂ ಹೆಸರಿಗೆ 130 ವರ್ಷ ಕಾಯೋದು ತಪ್ಪುತ್ತೆ.

ಬಾಗಿಲು ತೆರೀತು, ಕಥೆ ಮುಗೀತು ಅಂದ್ಕೊಂಡ್ರೆ ಇಲ್ಲ. ಭಯದ ಲೆಕ್ಕ 1990ರ ದಶಕದಲ್ಲಿ ಇನ್ನೂ ಜೋರಾಗಿ ವಾಪಸ್ ಬಂತು. ಅಮೆರಿಕದಲ್ಲಿ ಹದಿಹರೆಯದವರ ಅಪರಾಧ ಏರಿದ್ದ ಕಾಲ. 1995ರಲ್ಲಿ ಜಾನ್ ಡಿಯುಲಿಯೊ ಅನ್ನೋ ಪ್ರೊಫೆಸರ್ 'ಸೂಪರ್ ಪ್ರೆಡೇಟರ್' ಅನ್ನೋ ಪದ ತೇಲಿಬಿಟ್ಟರು. ಅಂದ್ರೆ ಮನುಷ್ಯತ್ವವೇ ಇಲ್ಲದ ಬೇಟೆಗಾರ ಹುಡುಗರ ಒಂದು ತಲೆಮಾರು ಬರ್ತಿದೆ ಅಂತ. ಟೀವಿ, ಪೇಪರ್ ಎಲ್ಲಾ ಅದೇ ಮಾತು. ಶಾಲೆ ಇರೋ ದಿನ, ಶಾಲೆ ಬಿಟ್ಟ ಕೂಡಲೇ ಬರೋ ಹೊತ್ತಿನಲ್ಲೇ ಮಕ್ಕಳ ಹಿಂಸೆಯ ಪ್ರಕರಣ ಜಾಸ್ತಿ ಅಂತ ಅಂಕಿಅಂಶ ಕೂಡ ಬಂತು. ಆಮೇಲೆ ಆದದ್ದೇ ಬೇರೆ. ಅಂಥಾ ತಲೆಮಾರು ಬರಲೇ ಇಲ್ಲ. ಹದಿಹರೆಯದವರ ಅಪರಾಧ ಇಳೀತಾ ಹೋಯ್ತು. ಭವಿಷ್ಯ ಹೇಳಿದವರೇ ಅದು ಸುಳ್ಳಾಯ್ತು ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಆ ಪದ ಹೆಚ್ಚಾಗಿ ಅಂಟಿದ್ದು ಕಪ್ಪು ಹುಡುಗರ ಮೈಗೆ.

ಆದ್ರೆ ಭಯಕ್ಕೆ ದುಡ್ಡು ಹುಟ್ಟಿತ್ತಲ್ಲ. ಶಾಲೆ ಬಿಟ್ಟಮೇಲಿನ ಕಾರ್ಯಕ್ರಮಗಳಿಗೆ ಕೇಂದ್ರ ಸರ್ಕಾರ ಕೊಡೋ ಅನುದಾನ 1998ರಲ್ಲಿ 4 ಕೋಟಿ ಡಾಲರ್ ಇತ್ತು. 2002ರ ಹೊತ್ತಿಗೆ 100 ಕೋಟಿ ಡಾಲರ್! ನಾಲ್ಕು ವರ್ಷದಲ್ಲಿ 25 ಪಟ್ಟು. ಹೀಗೆ ಬಂದ ದುಡ್ಡಿಗೆ ಹೀಗೇ ಲೆಕ್ಕ ಕೇಳ್ತಾರೆ. 2003ರಲ್ಲಿ ಒಂದು ಮೌಲ್ಯಮಾಪನ ವರದಿ ಬಂತು, ಮಕ್ಕಳ ಓದಿನಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ ಅಂತ. ಬುಷ್ ಸರ್ಕಾರ ಅನುದಾನವನ್ನ 60 ಕೋಟಿಗೆ ಇಳಿಸೋಣ ಅಂತು. ಆಗ ಸಂಸತ್ತಿನ ಮುಂದೆ ಬಂದು ಇದು ಬೇಡ ಅಂತ ವಾದಿಸಿದವರಲ್ಲಿ ಒಬ್ಬರು ಯಾರು ಗೊತ್ತಾ? ಟರ್ಮಿನೇಟರ್ ಸಿನಿಮಾದ ಆರ್ನಾಲ್ಡ್ ಶ್ವಾರ್ಜನೆಗರ್. ಹಿಂದಿನ ವರ್ಷ ಅವರು ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರ್ಯಕ್ರಮಗಳಿಗೆ ದುಡ್ಡು ಕೊಡಿಸೋ ಒಂದು ಮಸೂದೆಯನ್ನ ಜನರ ಓಟಿಗೆ ಹಾಕಿ ಗೆಲ್ಲಿಸಿದ್ದರು. ಕೊನೆಗೆ ಅನುದಾನ 100 ಕೋಟಿಯ ಆಸುಪಾಸಿನಲ್ಲೇ ಉಳೀತು.

ನನಗೆ ಈ ಜಗಳದಲ್ಲಿ ಕಾಡಿದ್ದು ಒಂದೇ ವಿಷಯ. ಒಬ್ಬರು ಹೇಳ್ತಾರೆ, ಅಪರಾಧ ಇಳಿಯುತ್ತೆ, ದುಡ್ಡು ಕೊಡಿ. ಇನ್ನೊಬ್ಬರು ಹೇಳ್ತಾರೆ, ಮಾರ್ಕ್ಸ್ ಏರಲಿಲ್ಲ, ದುಡ್ಡು ವಾಪಸ್ ಕೊಡಿ. ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಒಂದು ಮಗು ಖುಷಿಯಾಗಿತ್ತಾ, ಹೊಸದೇನಾದ್ರೂ ಕಲೀತಾ, ಯಾರಾದ್ರೂ ದೊಡ್ಡವರು ಅದರ ಮಾತು ಕೇಳಿಸಿಕೊಂಡರಾ, ಇದಕ್ಕೆ ಲೆಡ್ಜರಿನಲ್ಲಿ ಕಾಲಮ್ಮೇ ಇಲ್ಲ. ಆಡಮ್ಸ್ 1909ರಲ್ಲೇ ಆ ಕಾಲಮ್ಮು ಎಳೆದಿದ್ದರು. ಅದನ್ನ ತುಂಬೋ ಅಕೌಂಟೆಂಟ್ ಮಾತ್ರ ಬರಲಿಲ್ಲ.

ಈಗಿನ ಪರಿಸ್ಥಿತಿ? ಅಮೆರಿಕದಲ್ಲಿ 2020ರಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಸುಮಾರು 77 ಲಕ್ಷ ಮಕ್ಕಳು ಇಂಥ ಕಾರ್ಯಕ್ರಮಗಳಲ್ಲಿದ್ದರು. ಸಿಕ್ಕಿದ್ರೆ ಸೇರಿಸ್ತೀವಿ ಅಂತ ಅಪ್ಪ ಅಮ್ಮ ಹೇಳಿದ ಮಕ್ಕಳು ಸುಮಾರು 2 ಕೋಟಿ 46 ಲಕ್ಷ. ಒಳಗೆ ಒಬ್ಬರಿದ್ದರೆ ಬಾಗಿಲಲ್ಲಿ ಮೂವರು. ಈ ಮೂವರು ಯಾರ ಕಿಟಕಿಗೂ ಕಲ್ಲು ಹೊಡೆದಿಲ್ಲ. ಅದಕ್ಕೇ ಅವರ ಸುದ್ದಿ ಯಾರಿಗೂ ಕೇಳಿಸಲ್ಲ.

ನಿಮ್ಮಲ್ಲಿ ಯಾರಾದ್ರೂ ಊರಲ್ಲಿ ಮಕ್ಕಳಿಗೆ ಅಂತ ಏನಾದ್ರೂ ನಡೆಸ್ತಿದ್ರೆ, ಚೆಸ್ ಕ್ಲಾಸೋ, ಕೇರಂ ಕೋಣೆಯೋ, ಪಂಚಾಯ್ತಿ ಲೈಬ್ರರಿಯಲ್ಲಿ ಸಂಜೆಯ ಓದೋ, ಒಂದು ಕೆಲಸ ಮಾಡಿ. ಬಂದ ಮಕ್ಕಳ ಹಾಜರಿ ಹೇಗೂ ಬರೀತೀರಿ. ಅದರ ಪಕ್ಕದ ಪುಟದಲ್ಲಿ ಅದೇ ಬೀದಿಯಲ್ಲಿದ್ದೂ ಬಾರದ ಮಕ್ಕಳ ಹೆಸರನ್ನೂ ಬರೆದಿಡಿ. ಯಾಕೆ ಬಂದಿಲ್ಲ ಅಂತ ಅವರ ಮನೆಗೆ ಹೋಗಿ ಕೇಳಿ. ಹಾರ್ಟ್‌ಫರ್ಡ್‌ನ ಆ ಮೂವರು ಪುಣ್ಯಾತ್ಗಿತ್ತಿಯರು ಅಷ್ಟೆಲ್ಲ ಮಾಡಿದರು, ಆ ಎರಡನೇ ಪುಟ ಮಾತ್ರ ಖಾಲಿ ಬಿಟ್ಟರು. ಅದನ್ನ ತುಂಬಿಸೋಕೆ ಸಾಂತಾ ಕ್ರೂಜ್‌ನ ಹುಡುಗಿಯರು ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು.

ಇವತ್ತಿಗೆ ಇಷ್ಟು. ನಿಮ್ಮ ಬೀದಿಯ ಎರಡನೇ ಪುಟದಲ್ಲಿ ಯಾರ ಹೆಸರಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಕೇಳೋಕೆ ಕಾಯ್ತಿರ್ತೀನಿ. ಮುಂದಿನ ವಾರ ಸಿಗೋಣ.